ಪಿಯುಸಿಯ ಎರಡು ವರ್ಷದ ಹೊರೆಯನ್ನು ಯೋಜಿಸುವುದು ಹೇಗೆ: ಕಾಂಬಿನೇಶನ್ ಆಯ್ಕೆಯಿಂದ ವಾರದ ವೇಳಾಪಟ್ಟಿಯವರೆಗೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುದಿನದಿಂದಲೇ ಪದವಿಪೂರ್ವ ಕಾಲೇಜುಗಳ ಕಚೇರಿಯ ಮುಂದೆ ಅಪ್ಪ, ಅಮ್ಮ, ಮಗು ಮೂವರೂ ಸರದಿಯಲ್ಲಿ ನಿಂತಿರುತ್ತಾರೆ. ಅರ್ಜಿಯಲ್ಲಿ ವಿಳಾಸ ತುಂಬುವುದಕ್ಕೆ ಹಿಡಿಯುವಷ್ಟು ಹೊತ್ತನ್ನೂ ಅವರು ಕಾಂಬಿನೇಶನ್ ಎಂಬ ಕಾಲಮ್ಮಿಗೆ ಕೊಡುವುದಿಲ್ಲ. ‘ಪಿಸಿಎಂಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ) ಹಾಕಿಬಿಡಿ, ಎಂಜಿನಿಯರಿಂಗ್, ವೈದ್ಯಕೀಯ ಎರಡೂ ಕಡೆ ಬಾಗಿಲು ತೆರೆದಿರುತ್ತದೆ’ ಎಂದು ನೆರೆಮನೆಯವರೋ ನೆಂಟರೋ ಹೇಳಿರುತ್ತಾರೆ. ಹಾಗೆಯೇ ಬರೆದು ಕೊಡುತ್ತಾರೆ. ಹಲವು ವರ್ಷ ಪಿಯು ತರಗತಿಗಳಿಗೆ ಭೌತಶಾಸ್ತ್ರ ಕಲಿಸಿದ ನನಗೆ ಆ ಸಾಲು ಪ್ರತಿ ವರ್ಷವೂ ಆತಂಕ ತರಿಸುತ್ತದೆ, ಏಕೆಂದರೆ ಅಲ್ಲಿ ಯಾರೂ ಗಂಟೆಗಳ ಲೆಕ್ಕ ಹಾಕಿರುವುದಿಲ್ಲ. ಓದಿನ ಹೊರೆಯನ್ನು ಅಳೆಯುವುದಕ್ಕೆ ನನಗೆ ತಿಳಿದಿರುವ ನಂಬಿಕಸ್ಥ ಅಳತೆ ಒಂದೇ: ಆ ವಿಷಯಗಳು ವಾರಕ್ಕೆ ಎಷ್ಟು ಗಂಟೆ ಕೇಳುತ್ತವೆ ಮತ್ತು ಮಗುವಿನ ಕೈಯಲ್ಲಿ ನಿಜವಾಗಿ ಎಷ್ಟು ಗಂಟೆ ಉಳಿದಿದೆ. ಸವಾಲೂ ಇರಬೇಕು, ನಿಭಾಯಿಸಲೂ ಆಗಬೇಕು ಎನ್ನುವ ಯೋಜನೆಯನ್ನು ಈ ಎರಡು ಸಂಖ್ಯೆಗಳ ಮೇಲೆಯೇ ಕಟ್ಟಬೇಕು. ಮುಂದಿನ ಹಂತಗಳನ್ನು ಅದೇ ಕ್ರಮದಲ್ಲಿ ಬರೆದಿದ್ದೇನೆ.

ಮೊದಲ ಹಂತ: ಯಾವ ಬಾಗಿಲು ತೆರೆದಿರಬೇಕೆಂದು ಬರೆದಿಡಿ

ಪಿಯುಸಿಯಲ್ಲಿ ಎರಡು ಭಾಷೆ ಮತ್ತು ನಾಲ್ಕು ಐಚ್ಛಿಕ ವಿಷಯ, ಒಟ್ಟು ಆರು ವಿಷಯ, ತಲಾ 100 ಅಂಕದಂತೆ 600 ಅಂಕ. ಭಾಷೆಗಳ ಮಾತು ಆಮೇಲೆ. ನಾಲ್ಕು ಐಚ್ಛಿಕ ವಿಷಯಗಳನ್ನು ಆರಿಸುವಾಗ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ, ಯಾವ ವಿಷಯವನ್ನು ಬಿಟ್ಟರೆ ಯಾವ ದಾರಿ ಮುಚ್ಚುತ್ತದೆ ಎಂಬುದು. ಎಂಜಿನಿಯರಿಂಗ್‌ಗೆ ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ. ವೈದ್ಯಕೀಯಕ್ಕೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಜೀವಶಾಸ್ತ್ರ ಬೇಕು, ಗಣಿತ ಬೇಡ. ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಮೂಲಕ ವಾಯುಪಡೆ ಅಥವಾ ನೌಕಾಪಡೆಗೆ ಹೋಗುವವರಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಇರಲೇಬೇಕು, ಭೂಸೇನೆಗೆ ಯಾವ ವಿಭಾಗದವರಾದರೂ ಆಗುತ್ತದೆ. ಚಾರ್ಟರ್ಡ್ ಅಕೌಂಟೆನ್ಸಿ ಮತ್ತು ಐದು ವರ್ಷದ ಕಾನೂನು ಪದವಿಗೆ ವಿಭಾಗದ ನಿರ್ಬಂಧವಿಲ್ಲ.

ಈ ಪಟ್ಟಿಯನ್ನು ಮುಂದಿಟ್ಟುಕೊಂಡು ಮಗುವೇ ಒಂದು ಹಾಳೆಯಲ್ಲಿ ಮೂರು ಸಾಲು ಬರೆಯಲಿ: ಖಂಡಿತ ಬೇಕಾದ ದಾರಿ ಒಂದು, ಆಗಬಹುದಾದ ದಾರಿ ಒಂದು, ಬೇಡವೇ ಬೇಡ ಎನ್ನುವ ದಾರಿ ಒಂದು. ಮೂರನೆಯ ಸಾಲು ನಿಜಕ್ಕೂ ಬಹಳ ಬೆಲೆಯುಳ್ಳದ್ದು. ರಕ್ತ ನೋಡಿದರೆ ತಲೆ ಸುತ್ತುತ್ತದೆ, ಆಸ್ಪತ್ರೆಯಲ್ಲಿ ದುಡಿಯುವ ಇಚ್ಛೆ ಎಂದೂ ಆಗಿಲ್ಲ ಎನ್ನುವ ಹುಡುಗನಿಗೆ ಬಾಗಿಲು ತೆರೆದಿರಲಿ ಎಂಬ ಕಾರಣಕ್ಕೆ ಜೀವಶಾಸ್ತ್ರ ಕೊಡಿಸುವುದು, ಅವನು ಎಂದೂ ಪ್ರವೇಶಿಸದ ಕೋಣೆಗೆ ಎರಡು ವರ್ಷ ಬಾಡಿಗೆ ಕಟ್ಟಿದ ಹಾಗೆ. ಅಂಥವನಿಗೆ ಗಣಕ ವಿಜ್ಞಾನವಿರುವ ಪಿಸಿಎಂಸಿ, ಎಲೆಕ್ಟ್ರಾನಿಕ್ಸ್ ಇರುವ ಪಿಸಿಎಂಇ ಅಥವಾ ಸಂಖ್ಯಾಶಾಸ್ತ್ರದ ಪಿಸಿಎಂಎಸ್ ಅರ್ಥಪೂರ್ಣ ಆಯ್ಕೆ. ಜೀವಶಾಸ್ತ್ರ ಮತ್ತು ಗಣಿತ ಎರಡನ್ನೂ ಪ್ರೀತಿಸುವ ಮಗುವಿಗೆ ಪಿಸಿಎಂಬಿಯೇ ಸರಿ. ಅಲ್ಲಿ ಹೊರೆ ಹೆಚ್ಚು, ಆದರೆ ಆ ಹೊರೆಯಲ್ಲಿ ಅದರ ಮನಸ್ಸೂ ಇರುತ್ತದೆ.

ಎರಡನೆಯ ಹಂತ: ಪುಸ್ತಕ ತೆರೆದು ಅಧ್ಯಾಯ ಎಣಿಸಿ

ವಿಜ್ಞಾನ ವಿಭಾಗದಲ್ಲಿ ಎನ್‌ಸಿಇಆರ್‌ಟಿ ಪುಸ್ತಕಗಳೇ ಪಠ್ಯ. ಪಠ್ಯಭಾಗವನ್ನು ಕಡಿತಗೊಳಿಸಿದ ನಂತರದ ಆವೃತ್ತಿಯನ್ನು ಕೈಯಲ್ಲಿ ಹಿಡಿದು ಎಣಿಸಿದರೆ, ಪ್ರಥಮ ಪಿಯುಸಿಗೆ ಭೌತಶಾಸ್ತ್ರದಲ್ಲಿ 14, ರಸಾಯನಶಾಸ್ತ್ರದಲ್ಲಿ 9, ಗಣಿತದಲ್ಲಿ 14, ಜೀವಶಾಸ್ತ್ರದಲ್ಲಿ 19 ಅಧ್ಯಾಯಗಳಿವೆ, ಒಟ್ಟು 56. ದ್ವಿತೀಯ ವರ್ಷಕ್ಕೆ ಕ್ರಮವಾಗಿ 14, 10, 13, 13, ಒಟ್ಟು 50. ಜೂನ್‌ನಲ್ಲಿ ತರಗತಿ ಆರಂಭವಾಗಿ ಜನವರಿ ಕೊನೆಗೆ ಪಾಠ ಮುಗಿಯಬೇಕೆಂದರೆ, ದಸರಾ ರಜೆ, ಹಬ್ಬಗಳು, ಕಿರುಪರೀಕ್ಷೆಗಳನ್ನು ಕಳೆದು ಸುಮಾರು 30 ವಾರ ಸಿಗುತ್ತದೆ. ಅಂದರೆ ಪಿಸಿಎಂಬಿ ವಿದ್ಯಾರ್ಥಿ ಮೊದಲ ವರ್ಷ ವಾರಕ್ಕೆ ಹೆಚ್ಚುಕಡಿಮೆ ಎರಡು ಅಧ್ಯಾಯ ಮುಗಿಸುತ್ತಿರಬೇಕು. ಒಂದು ವಾರ ಜ್ವರದಲ್ಲಿ ಮಲಗಿದರೆ ಎರಡು ಅಧ್ಯಾಯ ಹಿಂದೆ ಬೀಳುತ್ತವೆ ಎಂದು ಇದನ್ನೇ ಇನ್ನೊಂದು ಬಗೆಯಲ್ಲಿ ಓದಿಕೊಳ್ಳಬಹುದು.

ಅಧ್ಯಾಯಗಳ ಸಂಖ್ಯೆ ಒಂದೇ ಪೂರ್ಣ ಚಿತ್ರ ಕೊಡುವುದಿಲ್ಲ ಎಂಬುದನ್ನೂ ಹೇಳಬೇಕು. ಜೀವಶಾಸ್ತ್ರದ ಒಂದು ಅಧ್ಯಾಯವನ್ನು ಎರಡು ಸಂಜೆ ಕೂತು ಓದಿ ಚಿತ್ರ ಬರೆದು ಹಿಡಿತಕ್ಕೆ ತಂದುಕೊಳ್ಳಬಹುದು. ಗಣಿತದ ಕ್ರಮಯೋಜನೆ ಮತ್ತು ವಿಕಲ್ಪ ಎಂಬ ಒಂದೇ ಅಧ್ಯಾಯ ಹತ್ತು ಸಂಜೆ ತಿನ್ನಬಹುದು. ಆದ್ದರಿಂದ ಸೇರುವ ಮೊದಲೇ ಪುಸ್ತಕಗಳನ್ನು ಎರವಲು ತಂದು, ಪ್ರತಿ ವಿಷಯದಲ್ಲಿ ಒಂದು ಅಧ್ಯಾಯವನ್ನು ಮಗು ಸ್ವತಃ ಓದಿ ನೋಡಲಿ. ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆದಿಡಲಿ. ಅರ್ಥವಾಗದಿದ್ದರೆ ಹೆದರುವ ಕಾರಣವಿಲ್ಲ, ಬೇಸರವಾಯಿತೋ ಕುತೂಹಲ ಹುಟ್ಟಿತೋ ಎಂಬುದನ್ನಷ್ಟೇ ಗಮನಿಸಿ.

ಮೂರನೆಯ ಹಂತ: ವಾರದ 168 ಗಂಟೆಯನ್ನು ಲೆಕ್ಕ ಹಾಕಿ

ಹೋಬಳಿಯಿಂದ ತಾಲ್ಲೂಕು ಕೇಂದ್ರದ ಕಾಲೇಜಿಗೆ ಬಸ್ಸಿನಲ್ಲಿ ಓಡಾಡುವ ವಿದ್ಯಾರ್ಥಿನಿಯೊಬ್ಬಳ ವಾರವನ್ನು ತೆಗೆದುಕೊಳ್ಳೋಣ. ವಾರದಲ್ಲಿ 168 ಗಂಟೆ. ದಿನಕ್ಕೆ 8 ಗಂಟೆಯಂತೆ ನಿದ್ದೆಗೆ 56. ಶನಿವಾರವೂ ಸೇರಿ ದಿನಕ್ಕೆ 7 ಗಂಟೆಯಂತೆ ಕಾಲೇಜಿಗೆ 42. ಹೋಗಲು ಒಂದು, ಬರಲು ಒಂದು ಗಂಟೆಯಂತೆ ಬಸ್ಸಿಗೆ 12. ಸ್ನಾನ, ಊಟ, ಮನೆಗೆಲಸ, ಅಂಗಡಿಗೆ ಹೋಗಿಬರುವುದು ಇವಕ್ಕೆ ದಿನಕ್ಕೆ 3 ಗಂಟೆಯಂತೆ 21. ಇಷ್ಟನ್ನೂ ಕಳೆದರೆ ಉಳಿಯುವುದು 37. ಆರು ವಿಷಯ, ಪ್ರಯೋಗಾಲಯದ ರೆಕಾರ್ಡ್, ಗೆಳತಿಯರ ಮಾತು, ಹಬ್ಬ, ಮದುವೆ, ತಲೆನೋವು ಎಲ್ಲವೂ ಈ 37ರೊಳಗೇ ಆಗಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆನ್ನುವುದಾದರೆ ಹಾಸಿಗೆಯ ಉದ್ದ ಇಷ್ಟೇ.

ಇದರಲ್ಲಿ ಐದನೆಯ ಒಂದು ಭಾಗವನ್ನು, ಅಂದರೆ ಸುಮಾರು 7 ಗಂಟೆಯನ್ನು, ಯಾವ ವಿಷಯಕ್ಕೂ ಹಂಚದೆ ಬಿಡಿ. ಯೋಜನೆ ಹಾಕುವವರು ಎಲ್ಲಕ್ಕಿಂತ ಹೆಚ್ಚಾಗಿ ಎಡವುವುದು ಇಲ್ಲಿಯೇ. ಪ್ರತಿ ಗಂಟೆಗೂ ಹೆಸರಿಟ್ಟ ವೇಳಾಪಟ್ಟಿ ಎರಡನೆಯ ವಾರಕ್ಕೇ ಮುರಿದು ಬೀಳುತ್ತದೆ, ಆಮೇಲೆ ಮಗು ತನ್ನನ್ನೇ ಹಳಿದುಕೊಳ್ಳುತ್ತದೆ. ಉಳಿದ 30 ಗಂಟೆಯನ್ನು ಗಣಿತಕ್ಕೆ 8, ಭೌತಶಾಸ್ತ್ರಕ್ಕೆ 7, ರಸಾಯನಶಾಸ್ತ್ರಕ್ಕೆ 6, ನಾಲ್ಕನೆಯ ವಿಷಯಕ್ಕೆ 5, ಎರಡು ಭಾಷೆಗಳಿಗೆ ತಲಾ 2 ಎಂದು ಹಂಚಬಹುದು. ಇದು ಆರಂಭದ ಹಂಚಿಕೆ ಮಾತ್ರ. ಎರಡನೆಯ ಹಂತದಲ್ಲಿ ಗಡಿಯಾರ ನೋಡಿ ಬರೆದ ಸಮಯಕ್ಕೆ ತಕ್ಕಂತೆ ಇದನ್ನು ಬದಲಿಸಿಕೊಳ್ಳಿ.

ಈಗ ಇದೇ ವಾರಕ್ಕೆ ಸಂಜೆಯ ಕೋಚಿಂಗ್ ಸೇರಿಸಿ ನೋಡಿ. ವಾರಕ್ಕೆ ಐದು ಸಂಜೆ, ಎರಡೆರಡು ಗಂಟೆ, ಅದರ ಓಡಾಟಕ್ಕೆ ಇನ್ನೊಂದು 3 ಗಂಟೆ ಎಂದರೆ 37ರಲ್ಲಿ 13 ಹೋಗಿ 24 ಉಳಿಯುತ್ತದೆ. ಬಿಡುವಿಗೆ 5 ಬಿಟ್ಟರೆ 19. ಕೋಚಿಂಗ್‌ನಲ್ಲಿ ಕೇಳಿದ್ದನ್ನು ಬಿಡಿಸಿ ನೋಡುವುದಕ್ಕೂ ಈ 19 ಗಂಟೆಯೊಳಗೇ ಜಾಗ ಹುಡುಕಬೇಕು. ಆ ಜಾಗ ಸಿಗದಾಗ ಮಕ್ಕಳು ನಿದ್ದೆಯ 56ರಿಂದ ಸಾಲ ತೆಗೆಯುತ್ತಾರೆ. ಬೆಳಗಿನ ಮೊದಲ ಪೀರಿಯಡ್‌ನಲ್ಲಿ ಕಣ್ಣು ತೆರೆದೇ ನಿದ್ದೆ ಮಾಡುವ ಮಕ್ಕಳನ್ನು ಬಹಳ ವರ್ಷ ನೋಡಿದ್ದೇನೆ. ಹಾಗೆ ಕೂತ ಮಗುವಿಗೆ ಕಾಲೇಜಿನ 42 ಗಂಟೆಯೂ ದಕ್ಕುವುದಿಲ್ಲ. ಹಾಸ್ಟೆಲ್ ಇರುವ, ಕೋಚಿಂಗ್ ಸೇರಿಕೊಂಡೇ ಇರುವ ಕಾಲೇಜಿಗೆ ಸೇರಿಸುವವರಿಗೆ ಬಸ್ಸಿನ ಸಮಯ ಉಳಿಯುತ್ತದೆ ನಿಜ. ಆದರೆ ವಾರದಲ್ಲಿ ಯಾವ ತರಗತಿಯೂ ಇಲ್ಲದ, ಮಗು ತಾನಾಗಿ ಕೂತು ಓದಬಹುದಾದ ಗಂಟೆ ಎಷ್ಟು ಎಂಬ ಪ್ರಶ್ನೆಯನ್ನು ಶುಲ್ಕ ಕಟ್ಟುವ ಮೊದಲು ಕೇಳಿ, ಉತ್ತರವನ್ನು ಬರೆದುಕೊಳ್ಳಿ.

ನಾಲ್ಕನೆಯ ಹಂತ: ಪ್ರವೇಶ ಪರೀಕ್ಷೆಗಳಲ್ಲಿ ಒಂದನ್ನು ಮುಖ್ಯವಾಗಿಸಿ

ಪಿಯುಸಿಯ ಪಠ್ಯವನ್ನಷ್ಟೇ ಆದರೆ ಹೆಚ್ಚಿನ ಮಕ್ಕಳು ನಿಭಾಯಿಸುತ್ತಾರೆ. ಅದರ ಮೇಲೆ ಪೇರಿಸುವ ಪ್ರವೇಶ ಪರೀಕ್ಷೆಗಳೇ ಬೆನ್ನು ಬಾಗಿಸುತ್ತವೆ, ಹಾಗಾಗಿ ಈ ಹಂತದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು.

ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ವೈದ್ಯಕೀಯ ಪ್ರವೇಶದ ನೀಟ್‌ನಲ್ಲಿ 180 ನಿಮಿಷಕ್ಕೆ 180 ಪ್ರಶ್ನೆ, 720 ಅಂಕ, ಅದರಲ್ಲಿ ಅರ್ಧ ಜೀವಶಾಸ್ತ್ರಕ್ಕೆ. ತಪ್ಪಿಗೆ ಒಂದು ಅಂಕ ಕಳೆಯುತ್ತದೆ. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶದ ಜೆಇಇ ಮೇನ್‌ನಲ್ಲಿ 180 ನಿಮಿಷಕ್ಕೆ 75 ಪ್ರಶ್ನೆ, 300 ಅಂಕ. ಭಾಗಿಸಿ ನೋಡಿದರೆ ಒಂದು ಪ್ರಶ್ನೆಗೆ ಸಿಇಟಿಯಲ್ಲಿ 80 ಸೆಕೆಂಡ್, ನೀಟ್‌ನಲ್ಲಿ 60, ಜೆಇಇಯಲ್ಲಿ 144. ಪಠ್ಯದ ಶೀರ್ಷಿಕೆಗಳು ಬಹುತೇಕ ಒಂದೇ ಆದರೂ ಅಭ್ಯಾಸ ಬೇರೆ ಬೇರೆ: ಜೆಇಇ ಗಣಿತದೊಂದಿಗೆ ದೀರ್ಘವಾಗಿ ಗುದ್ದಾಡುವುದನ್ನು ಬೇಡುತ್ತದೆ, ನೀಟ್ ಜೀವಶಾಸ್ತ್ರದ ಪ್ರತಿ ಸಾಲನ್ನೂ ನೆನಪಿಟ್ಟು ತ್ವರಿತವಾಗಿ ಗುರುತಿಸುವುದನ್ನು ಬೇಡುತ್ತದೆ. ಎರಡನ್ನೂ ಗಂಭೀರವಾಗಿ ತಯಾರಿ ಮಾಡುವುದು ಎರಡು ದೋಣಿಯಲ್ಲಿ ಕಾಲಿಟ್ಟಂತೆಯೇ, ಮತ್ತು ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗಿ ಎರಡಕ್ಕೂ ಕೋಚಿಂಗ್ ಸೇರಿದ್ದಳು. ಪ್ರಥಮ ಪಿಯುಸಿಯ ನವೆಂಬರ್ ಹೊತ್ತಿಗೆ ಅವಳ ಭೌತಶಾಸ್ತ್ರದ ಪ್ರಯೋಗ ಪುಸ್ತಕದಲ್ಲಿ ಆರು ಪ್ರಯೋಗ ಬರೆಯದೆ ಉಳಿದಿದ್ದವು, ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ್ದಳು. ನಾನದನ್ನು ಸೋಮಾರಿತನವೆಂದು ತಿಳಿದು ಗದರಿಸಿದೆ. ಅವಳ ವಾರದ ಗಂಟೆಗಳನ್ನು ಅವಳೊಂದಿಗೆ ಕೂತು ಎಣಿಸಿದ್ದು ಜನವರಿಯಲ್ಲಿ, ಜುಲೈನಲ್ಲೇ ಎಣಿಸಬೇಕಿತ್ತು.

ಹಾಗಾಗಿ ವಿಜ್ಞಾನದವರಿಗೆ ನನ್ನ ಸಲಹೆ ಸ್ಪಷ್ಟ: ಜೆಇಇ ಅಥವಾ ನೀಟ್ ಇವುಗಳಲ್ಲಿ ಒಂದು, ಜೊತೆಗೆ ಸಿಇಟಿ. ಸಿಇಟಿಗೆ ಪ್ರತ್ಯೇಕ ಹೊರೆ ಕಡಿಮೆ, ಏಕೆಂದರೆ ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕ ಅರ್ಧವಾದರೆ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಬೋರ್ಡ್ ಪರೀಕ್ಷೆಗೆ ಓದಿದ್ದು ಇಲ್ಲಿ ನೇರವಾಗಿ ಫಲ ಕೊಡುತ್ತದೆ. ಕರ್ನಾಟಕದಲ್ಲಿ ಒಳ್ಳೆಯ ಎಂಜಿನಿಯರಿಂಗ್ ಕಾಲೇಜು ಸಿಕ್ಕರೆ ಸಾಕು ಎನ್ನುವವರಿಗೆ ಜೆಇಇ ಕೋಚಿಂಗ್‌ನ 13 ಗಂಟೆಯ ಅಗತ್ಯವೇ ಇಲ್ಲ. ಆ ಹೊತ್ತನ್ನು ಪಠ್ಯಪುಸ್ತಕದ ಲೆಕ್ಕಗಳಿಗೆ ಕೊಟ್ಟರೆ ಹೆಚ್ಚು ಲಾಭ.

ವಾಣಿಜ್ಯದವರಿಗೆ ಇಲ್ಲೊಂದು ಜಾಣ ಹೊಂದಾಣಿಕೆ ಇದೆ. ಚಾರ್ಟರ್ಡ್ ಅಕೌಂಟೆನ್ಸಿಯ ಮೊದಲ ಪರೀಕ್ಷೆಯಾದ ಸಿಎ ಫೌಂಡೇಶನ್‌ನ ನಾಲ್ಕು ಪತ್ರಿಕೆಗಳಲ್ಲಿ ಒಂದು ವ್ಯವಹಾರ ಗಣಿತ, ತಾರ್ಕಿಕ ಚಿಂತನೆ ಮತ್ತು ಸಂಖ್ಯಾಶಾಸ್ತ್ರಕ್ಕೆ ಮೀಸಲು, ಇನ್ನೊಂದು ಲೆಕ್ಕಶಾಸ್ತ್ರಕ್ಕೆ, ಮತ್ತೊಂದು ಅರ್ಥಶಾಸ್ತ್ರಕ್ಕೆ. ಆದ್ದರಿಂದ ಆ ಗುರಿಯಿರುವವರು ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರವಿರುವ ಎಸ್‌ಇಬಿಎ ತೆಗೆದುಕೊಂಡರೆ, ಅಥವಾ ಮೂಲಗಣಿತವಿರುವ ಕಾಂಬಿನೇಶನ್ ಆರಿಸಿದರೆ, ಪಿಯುಸಿಗೆ ಓದುವ ಒಂದೊಂದು ಗಂಟೆಯೂ ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಕಲಾ ವಿಭಾಗದವರು ಕಾನೂನು ಓದಬೇಕೆಂದಿದ್ದರೆ ಕ್ಲ್ಯಾಟ್ ಪರೀಕ್ಷೆ ಡಿಸೆಂಬರ್‌ನಲ್ಲೇ, ಅಂದರೆ ಬೋರ್ಡ್ ಪರೀಕ್ಷೆಗೆ ಮೊದಲೇ ಬರುತ್ತದೆ ಎಂಬುದನ್ನು ಗಮನಿಸಬೇಕು. ಎರಡು ಗಂಟೆಯಲ್ಲಿ 120 ಪ್ರಶ್ನೆ, ಬಹುಪಾಲು ಇಂಗ್ಲಿಷ್ ಗದ್ಯಭಾಗ ಓದಿ ಉತ್ತರಿಸುವಂಥವು. ಇತಿಹಾಸ ಮತ್ತು ರಾಜ್ಯಶಾಸ್ತ್ರವನ್ನು ಇಂಗ್ಲಿಷ್‌ನಲ್ಲೂ ಓದಿಕೊಳ್ಳುವ ಅಭ್ಯಾಸವೇ ಅವರಿಗೆ ಉತ್ತಮ ಕೋಚಿಂಗ್.

ಐದನೆಯ ಹಂತ: ಭಾಷೆಗಳನ್ನು ಹಗುರವಾಗಿ ಕಾಣಬೇಡಿ

600ರಲ್ಲಿ 200 ಅಂಕ, ಅಂದರೆ ಮೂರನೆಯ ಒಂದು ಭಾಗ, ಭಾಷೆಗಳದ್ದು. ಹತ್ತು ವರ್ಷ ಕನ್ನಡ ಓದಿದ ಮಗು ಪಿಯುಸಿಗೆ ಬಂದ ಕೂಡಲೇ ಹೆಚ್ಚು ಅಂಕ ಬರುತ್ತದೆಂದು ಹೊಸ ಭಾಷೆಗೆ ಹೊರಳುವುದು ಸಾಮಾನ್ಯ. ಹೊಸ ಲಿಪಿ, ಹೊಸ ವ್ಯಾಕರಣ ಕಲಿಯುವ ಹೊತ್ತು ಆ 30 ಗಂಟೆಯೊಳಗಿಂದಲೇ ಬರಬೇಕು ಎಂಬುದು ಆಗ ನೆನಪಿರುವುದಿಲ್ಲ. ಕನ್ನಡವನ್ನು ಉಳಿಸಿಕೊಂಡವರು ವಾರಕ್ಕೆ ಎರಡು ಗಂಟೆಯಲ್ಲಿ ಅದನ್ನು ಚೆನ್ನಾಗಿ ನಿಭಾಯಿಸಬಲ್ಲರು, ಮತ್ತು ವಿಜ್ಞಾನದ ನಡುವೆ ಒಂದು ಕವಿತೆ ಓದುವ ಸಂಜೆ ಮನಸ್ಸಿಗೂ ಬೇಕು.

ಆರನೆಯ ಹಂತ: ಏಪ್ರಿಲ್ ಮತ್ತು ಮೇ ತಿಂಗಳನ್ನು ಬಳಸಿಕೊಳ್ಳಿ

ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದು ಪಿಯು ತರಗತಿ ಆರಂಭವಾಗುವ ನಡುವಿನ ಎರಡು ತಿಂಗಳಲ್ಲಿ ದಿನಕ್ಕೊಂದು ಗಂಟೆ ಸಾಕು. ಆ ಒಂದು ಗಂಟೆಯಲ್ಲಿ ಏನು ಮಾಡಬೇಕು ಎಂಬುದಕ್ಕೆ ನನ್ನ ಉತ್ತರ ಖಚಿತವಾಗಿದೆ: ತ್ರಿಕೋನಮಿತಿ, ಸರಳ ಅವಕಲನ (ಡಿಫರೆನ್ಶಿಯೇಶನ್) ಮತ್ತು ಲಾಗರಿದಮ್. ಭೌತಶಾಸ್ತ್ರದ ಎರಡನೆಯ ಅಧ್ಯಾಯವಾದ ಸರಳರೇಖೆಯಲ್ಲಿನ ಚಲನೆಯಲ್ಲೇ, ಅಂದರೆ ತರಗತಿ ಆರಂಭವಾದ ಕೆಲವೇ ವಾರಗಳಲ್ಲಿ, ಅವಕಲನ ಬೇಕಾಗುತ್ತದೆ. ಗಣಿತದ ಪುಸ್ತಕದಲ್ಲಿ ಅದು ಬರುವುದು ಹನ್ನೆರಡನೆಯ ಅಧ್ಯಾಯದಲ್ಲಿ. ಗಣಿತದ ಮೇಷ್ಟ್ರು ಅಲ್ಲಿಗೆ ತಲುಪುವ ಹೊತ್ತಿಗೆ ಭೌತಶಾಸ್ತ್ರದಲ್ಲಿ ಅರ್ಧ ವರ್ಷದ ಪಾಠ ಮುಗಿದಿರುತ್ತದೆ. ‘ಫಿಸಿಕ್ಸ್ ನನಗೆ ಹತ್ತುವುದಿಲ್ಲ’ ಎಂದು ಜುಲೈನಲ್ಲಿ ಅಳುವ ಎಷ್ಟೋ ಮಕ್ಕಳಿಗೆ ಹತ್ತದೇ ಇರುವುದು ಇನ್ನೂ ಯಾರೂ ಕಲಿಸದ ಆ ಗಣಿತ. ರಸಾಯನಶಾಸ್ತ್ರದ ಸಮತೋಲನ ಅಧ್ಯಾಯದಲ್ಲಿ ಪಿಎಚ್ ಲೆಕ್ಕ ಹಾಕುವಾಗ ಲಾಗರಿದಮ್ ವಿಷಯದಲ್ಲೂ ಇದೇ ಆಗುತ್ತದೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಇನ್ನೊಂದು ಕೆಲಸವಿದೆ. ಹೈಸ್ಕೂಲಿನಲ್ಲಿ ವೇಗೋತ್ಕರ್ಷ, ಸಂವೇಗ, ಜಡತ್ವ, ವಕ್ರೀಭವನ, ವಿಭವಾಂತರ, ದ್ಯುತಿಸಂಶ್ಲೇಷಣೆ ಎಂದು ಕಲಿತ ಮಗು ಒಂದು ಬೆಳಿಗ್ಗೆ ಆಕ್ಸಲರೇಶನ್, ಮೊಮೆಂಟಮ್, ಇನರ್ಶಿಯಾ, ರಿಫ್ರ್ಯಾಕ್ಷನ್, ಪೊಟೆನ್ಶಿಯಲ್ ಡಿಫರೆನ್ಸ್, ಫೋಟೋಸಿಂಥೆಸಿಸ್ ಎಂಬ ಪದಗಳ ನಡುವೆ ಕೂತಿರುತ್ತದೆ. ವಿಷಯ ಅದಕ್ಕೆ ಗೊತ್ತಿದೆ, ಹೆಸರು ಗೊತ್ತಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಕನ್ನಡ ಪದ, ಇಂಗ್ಲಿಷ್ ಪದ, ಒಂದು ಸಾಲಿನ ವಿವರಣೆ ಎಂದು ಮೂರು ಕಾಲಮ್ ಹಾಕಿ, ಒಂಬತ್ತು ಮತ್ತು ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ದಿನಕ್ಕೆ ಹತ್ತು ಪದ ತುಂಬಿದರೆ ಒಂದು ತಿಂಗಳಲ್ಲಿ 300 ಪದ ಕೈಗೆ ಬರುತ್ತವೆ. ಈ ಮಕ್ಕಳು ಮೊದಲ ಮೂರು ತಿಂಗಳು ಯಾವ ಕೋಚಿಂಗನ್ನೂ ಸೇರದಿರುವುದೇ ಒಳ್ಳೆಯದು. ಭಾಷೆ ದಾಟುವುದೇ ಆಗ ಅವರ ಪಾಲಿನ ಸವಾಲು, ಅದು ಸಣ್ಣದಲ್ಲ.

ಏಳನೆಯ ಹಂತ: ದಸರಾ ರಜೆಯಲ್ಲಿ ತೂಗಿ ನೋಡಿ

ಪ್ರಥಮ ಪಿಯುಸಿಯನ್ನು ಅನೇಕರು ಬಿಡುವಿನ ವರ್ಷವೆಂದು ಭಾವಿಸುತ್ತಾರೆ. ವೆಕ್ಟರ್ ಗೊತ್ತಿಲ್ಲದೆ ದ್ವಿತೀಯ ವರ್ಷದ ವಿದ್ಯುತ್ ಕ್ಷೇತ್ರ ಅರ್ಥವಾಗುವುದಿಲ್ಲ. ಸಾವಯವ ರಸಾಯನಶಾಸ್ತ್ರದ ಮೂಲತತ್ವಗಳಿಲ್ಲದೆ ದ್ವಿತೀಯ ವರ್ಷದ ಕೊನೆಯ ಐದು ಅಧ್ಯಾಯ ಬರೀ ಬಾಯಿಪಾಠವಾಗುತ್ತವೆ. ಸಿಇಟಿ, ನೀಟ್, ಜೆಇಇ ಮೂರೂ ಎರಡೂ ವರ್ಷದ ಪಠ್ಯದಿಂದ ಪ್ರಶ್ನೆ ಕೇಳುತ್ತವೆ. ಹಾಗಾಗಿ ಮೊದಲ ವರ್ಷದ ಮಧ್ಯಾವಧಿ ಪರೀಕ್ಷೆ ಮುಗಿದು ದಸರಾ ರಜೆ ಬಂದಾಗ ಒಂದು ಮಧ್ಯಾಹ್ನ ಕುಳಿತು ಯೋಜನೆಯನ್ನು ಮತ್ತೆ ಬಿಚ್ಚಿ ನೋಡಬೇಕು.

ನೋಡಬೇಕಾದ್ದು ಅಂಕಗಳನ್ನಷ್ಟೇ ಅಲ್ಲ. ನಿದ್ದೆ ಏಳು ಗಂಟೆಗಿಂತ ಕೆಳಗೆ ಇಳಿದಿದೆಯೇ, ರೆಕಾರ್ಡ್ ಬರೆಯುವುದು ಬಾಕಿಯಿದೆಯೇ, ತನಗೆ ಪ್ರಿಯವಾಗಿದ್ದ ವಿಷಯವನ್ನೂ ಮಗು ಮುಂದೂಡುತ್ತಿದೆಯೇ, ಹಂಚದೆ ಬಿಟ್ಟಿದ್ದ 7 ಗಂಟೆ ಇನ್ನೂ ಉಳಿದಿದೆಯೇ ಎಂದು ಕೇಳಿ. ಎಲ್ಲ ವಿಷಯದಲ್ಲೂ ಒಟ್ಟಿಗೆ ಅಂಕ ಕುಸಿದಿದ್ದರೆ ಅದು ಗಂಟೆಗಳ ಕೊರತೆ, ಆಗ ಕೋಚಿಂಗ್ ಕಡಿಮೆ ಮಾಡಿ. ಒಂದೇ ವಿಷಯದಲ್ಲಿ ಕುಸಿದಿದ್ದರೆ ಅಲ್ಲಿ ಯಾವುದೋ ಹಳೆಯ ಪಾಠ ಬಿಟ್ಟುಹೋಗಿದೆ. ಅದನ್ನು ಕಲಿಸುವ ಉಪನ್ಯಾಸಕರನ್ನೇ ಭೇಟಿಯಾಗಿ. ಕಾಂಬಿನೇಶನ್ ಬದಲಿಸುವುದು ಆ ಹೊತ್ತಿಗೆ ಕಷ್ಟ, ಆದ್ದರಿಂದ ಬದಲಾವಣೆಗೆ ಎಂದಿನವರೆಗೆ ಅವಕಾಶವಿದೆ ಎಂಬುದನ್ನು ದಾಖಲಾತಿಯ ದಿನವೇ ಪ್ರಾಂಶುಪಾಲರಲ್ಲಿ ಕೇಳಿಟ್ಟುಕೊಳ್ಳಿ. ಸಂಶಯವಿದ್ದರೆ ಮೊದಲ ಕಿರುಪರೀಕ್ಷೆಯೊಳಗೆ ತೀರ್ಮಾನಿಸಿ. ಹಾಜರಾತಿ ಶೇ 75ಕ್ಕಿಂತ ಕಡಿಮೆಯಾಗದಂತೆಯೂ ಈಗಲೇ ನೋಡಿಕೊಳ್ಳಬೇಕು.

ಎಂಟನೆಯ ಹಂತ: ದ್ವಿತೀಯ ವರ್ಷವನ್ನು ಹಿಂದಿನಿಂದ ಮುಂದಕ್ಕೆ ಯೋಜಿಸಿ

2025ರ ಕ್ಯಾಲೆಂಡರನ್ನು ನೋಡಿ. ದ್ವಿತೀಯ ಪಿಯುಸಿ ಪರೀಕ್ಷೆ-1 ಮಾರ್ಚ್ 1ರಿಂದ 20ರವರೆಗೆ, ಜೆಇಇ ಮೇನ್‌ನ ಎರಡನೆಯ ಸುತ್ತು ಏಪ್ರಿಲ್ ಮೊದಲ ವಾರದಿಂದ, ಸಿಇಟಿ ಏಪ್ರಿಲ್ 16 ಮತ್ತು 17ರಂದು, ನೀಟ್ ಮೇ 4ರಂದು ನಡೆದವು. ಹೆಚ್ಚುಕಡಿಮೆ ಒಂಬತ್ತು ವಾರದಲ್ಲಿ ನಾಲ್ಕು ಪರೀಕ್ಷೆ. ಹೊಸದಾಗಿ ಕಲಿಯುವುದಕ್ಕೆ ಆ ವಾರಗಳಲ್ಲಿ ಸ್ಥಳವಿಲ್ಲ. ಆದ್ದರಿಂದ ಪಾಠ ಮುಗಿಸುವ ಗಡುವನ್ನು ಡಿಸೆಂಬರ್ ಕೊನೆಗೆ ಇಟ್ಟು, ಅಲ್ಲಿಂದ ಹಿಂದಕ್ಕೆ ಅಧ್ಯಾಯಗಳನ್ನು ಹಂಚಿಕೊಳ್ಳಿ. ಜನವರಿ ಮತ್ತು ಫೆಬ್ರವರಿ ಪ್ರಿಪರೇಟರಿ (ಪೂರ್ವಸಿದ್ಧತಾ) ಪರೀಕ್ಷೆಗೆ, ಪ್ರಾಯೋಗಿಕ ಪರೀಕ್ಷೆಗೆ, ಬರೆದು ಅಭ್ಯಾಸ ಮಾಡುವುದಕ್ಕೆ ಮೀಸಲಾಗಿರಲಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಯೋಗಿಕಕ್ಕೆ 30 ಅಂಕ. ಗಣಿತ ಮತ್ತು ಭಾಷೆಗಳಲ್ಲಿ 80 ಮತ್ತು ಆಂತರಿಕ ಮೌಲ್ಯಮಾಪನಕ್ಕೆ 20. ವರ್ಷವಿಡೀ ಸ್ವಲ್ಪ ಸ್ವಲ್ಪ ಮಾಡಿದರೆ ಸುಲಭವಾಗಿ ಸಿಗುವ ಈ ಅಂಕಗಳು ಕೊನೆಯ ತಿಂಗಳಿಗೆ ತಳ್ಳಿದರೆ ದುಬಾರಿಯಾಗುತ್ತವೆ.

2024ರಿಂದ ಮಂಡಳಿಯು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಸುತ್ತಿದ್ದು, ಬರೆದ ಪರೀಕ್ಷೆಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. 2025ರಲ್ಲಿ ಪರೀಕ್ಷೆ-2 ಏಪ್ರಿಲ್ 24ಕ್ಕೆ ಆರಂಭವಾಗಿ ನೀಟ್ ದಿನವನ್ನು ದಾಟಿ ಮೇ 8ರವರೆಗೆ ನಡೆಯಿತು. ಆದ್ದರಿಂದ ಮೊದಲೇ ಎರಡನೆಯದನ್ನು ನಂಬಿ ಯೋಜನೆ ಹಾಕಬೇಡಿ. ಅದನ್ನು ಜ್ವರ ಬಂದ ದಿನಕ್ಕಾಗಿ, ಕೈತಪ್ಪಿದ ಒಂದು ವಿಷಯಕ್ಕಾಗಿ ಇಟ್ಟುಕೊಳ್ಳಿ, ಮತ್ತು ಹಾಗೊಂದು ಅವಕಾಶ ಇದೆಯೆಂದು ಪರೀಕ್ಷೆಯ ಹಿಂದಿನ ರಾತ್ರಿ ಮಗುವಿಗೆ ನೆನಪಿಸಿ ಮಲಗಿಸಿ.